ಲೈಪ್‌ಜಿಗ್ ಜಾತ್ರೆ: ಮೊದಲು ಹಾಸಿಗೆ, ಆಮೇಲೆ ಟಿಕೆಟ್

ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಫೆಬ್ರವರಿಯ ಯಾವುದೋ ಒಂದು ಮಂಗಳವಾರ ಸಲೀಸಾಗಿ ಸಿಗುವ ಹಾಸ್ಟೆಲ್ ಹಾಸಿಗೆ, ಮಾರ್ಚ್ ತಿಂಗಳ ಪುಸ್ತಕ ಜಾತ್ರೆಯ ನಾಲ್ಕು ದಿನ ದುಬಾರಿಯಾಗುತ್ತದೆ. ಕೆಲವೊಮ್ಮೆ ಸಿಗುವುದೇ ಇಲ್ಲ. ಹಾಸಿಗೆ ಅದೇ, ಕೋಣೆ ಅದೇ, ಕಿಟಕಿಯಾಚೆ ಕಾಣುವ ಟ್ರಾಮಿನ ಕಂಬಿಯೂ ಅದೇ. ಬದಲಾಗಿರುವುದು ಕ್ಯಾಲೆಂಡರಿನ ಹಾಳೆ ಮಾತ್ರ!

ಕಾರಣ ಸರಳ. ಲೈಪ್‌ಜಿಗ್‌ನ ಜನಸಂಖ್ಯೆ 6 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. 2025ರ ಪುಸ್ತಕ ಜಾತ್ರೆಯ ನಾಲ್ಕು ದಿನಗಳಲ್ಲಿ ಅಲ್ಲಿಗೆ ಬಂದವರು ಸುಮಾರು 2 ಲಕ್ಷ 96 ಸಾವಿರ ಮಂದಿ. ಊರಿನ ಜನರ ಅರ್ಧದಷ್ಟು ಜನ ಒಂದೇ ವಾರಾಂತ್ಯದಲ್ಲಿ ಬಂದಿಳಿದರೆ ಮಲಗಲು ಜಾಗ ಎಲ್ಲಿಂದ ಬರಬೇಕು? ಶ್ರೀಮಂತ ಪ್ರಕಾಶಕ ನಾಲ್ಕು ಪಟ್ಟು ಕೊಟ್ಟು ಕೋಣೆ ಹಿಡಿಯುತ್ತಾನೆ. ಕೈಯಲ್ಲಿ ಎಣಿಸಿದ ಯೂರೋ ಹಿಡಿದ ವಿದ್ಯಾರ್ಥಿ ಏನು ಮಾಡಬೇಕು?

ಈ ಪ್ರಶ್ನೆ ಈಗ ಕರ್ನಾಟಕದ ಮನೆಗಳಿಗೂ ದೂರದ್ದಲ್ಲ. 2022-23ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳ ಪೈಕಿ ಭಾರತೀಯರು ಚೀನೀಯರನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದರು. ಆಖೆನ್‌ನಲ್ಲೋ ಮ್ಯೂನಿಕ್‌ನಲ್ಲೋ ಓದುವ ಮಗಳು ರಜೆಯಲ್ಲಿ ಲೈಪ್‌ಜಿಗ್‌ಗೆ ಹೋಗಿಬರುತ್ತೇನೆ ಎನ್ನಬಹುದು. ಜಪಾನಿನ ಮಾಂಗಾ ಚಿತ್ರಕಥೆಗಳನ್ನು ಹಗಲಿರುಳು ಓದುವ, ಚಿತ್ರ ಬರೆಯುವ ಕಾಲೇಜು ಹುಡುಗ ಬೆಂಗಳೂರಿನಿಂದಲೇ ಹೊರಡುವ ಹಟ ಹಿಡಿಯಬಹುದು. ಏಕೆಂದರೆ ಪುಸ್ತಕ ಜಾತ್ರೆಯ ಅಂಗಳದಲ್ಲೇ, ಅದೇ ದಿನಗಳಲ್ಲಿ, ‘ಮಾಂಗಾ ಕಾಮಿಕ್ ಕಾನ್’ ಎಂಬ ದೊಡ್ಡ ಚಿತ್ರಕಥಾ ಸಮ್ಮೇಳನವೂ 2014ರಿಂದ ನಡೆಯುತ್ತಿದೆ. ಅಪ್ಪ ಅಮ್ಮಂದಿರ ಮುಂದೆ ಆಗ ಎದುರಾಗುವುದು ಎರಡು ಪ್ರಶ್ನೆ: ಖರ್ಚು ಎಷ್ಟು? ಹೋಗಿ ಬರುವುದರಿಂದ ಸಿಗುವುದೇನು?

ಸಂತೆಯಿಂದ ಬೆಳೆದ ಊರು

ಲೈಪ್‌ಜಿಗ್ ಎಂಬ ಹೆಸರಿನ ಮೂಲ ಸ್ಲಾವ್ ಭಾಷೆಯದು. ಲಿಂಡೆನ್ ಮರಗಳ ಜಾಗ ಎಂದು ಅರ್ಥ. ಯೂರೋಪಿನ ಎರಡು ಹಳೆಯ ವ್ಯಾಪಾರ ಹಾದಿಗಳು ಇಲ್ಲಿ ಒಂದನ್ನೊಂದು ಹಾಯುತ್ತಿದ್ದವು. ಪೂರ್ವ ಪಶ್ಚಿಮಕ್ಕೆ ಒಂದು, ಉತ್ತರ ದಕ್ಷಿಣಕ್ಕೆ ಇನ್ನೊಂದು. ಹಾದಿಗಳು ಕೂಡುವಲ್ಲಿ ಸಂತೆ ಸೇರುವುದು ಸಹಜ. ಸುಮಾರು 1165ರಲ್ಲಿ ಊರಿಗೆ ಸಂತೆಯ ಹಕ್ಕು ದೊರೆಯಿತು. 1497ರಲ್ಲಿ ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್ ಅದಕ್ಕೆ ಸಾಮ್ರಾಜ್ಯದ ಮುದ್ರೆ ಒತ್ತಿದ. ಅಂದಿನಿಂದ ಜಾತ್ರೆಯೇ ಊರಿನ ಕಸುಬು.

ಪುಸ್ತಕವೂ ಹಾಗೆಯೇ. 1650ರಲ್ಲಿ ಇಲ್ಲಿ ಅಚ್ಚಾಗತೊಡಗಿದ ಪತ್ರಿಕೆಯೊಂದನ್ನು ಜಗತ್ತಿನ ಮೊದಲ ದಿನಪತ್ರಿಕೆ ಎಂದು ಗುರುತಿಸುತ್ತಾರೆ. 1825ರಲ್ಲಿ ಜರ್ಮನ್ ಪುಸ್ತಕ ವ್ಯಾಪಾರಿಗಳ ಸಂಘ ಹುಟ್ಟಿದ್ದೂ ಇಲ್ಲಿಯೇ. 1912ರಲ್ಲಿ ಸ್ಥಾಪನೆಯಾದ ಗ್ರಂಥಾಲಯ, ಮರುವರ್ಷದಿಂದ ಜರ್ಮನ್ ಭಾಷೆಯಲ್ಲಿ ಪ್ರಕಟವಾಗುವ ಪ್ರತಿಯೊಂದನ್ನೂ ಕೂಡಿಡುತ್ತ ಬಂದಿದೆ.

ಎರಡನೇ ಮಹಾಯುದ್ಧದ ಬಳಿಕ ಲೈಪ್‌ಜಿಗ್ ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಪಾಲಾಯಿತು. ಪುಸ್ತಕ ವ್ಯಾಪಾರದ ಹಿರಿತನ ಪಶ್ಚಿಮದ ಫ್ರಾಂಕ್‌ಫರ್ಟ್‌ಗೆ ಹೋಯಿತು. ಆದರೂ ಲೈಪ್‌ಜಿಗ್ ಜಾತ್ರೆ ನಿಲ್ಲಲಿಲ್ಲ. ಪಶ್ಚಿಮದ ಪ್ರಕಾಶಕರು ತಂದಿಟ್ಟ ಪುಸ್ತಕಗಳನ್ನು ಪೂರ್ವದವರು ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. ಆದ್ದರಿಂದ ಮಳಿಗೆಯ ಮುಂದೆಯೇ ಗಂಟೆಗಟ್ಟಲೆ ನಿಂತು ಓದುತ್ತಿದ್ದರು; ಕೆಲವರು ಪುಟಗಳನ್ನು ಕೈಬರಹದಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು; ಕೋಟಿನೊಳಗೆ ಪುಸ್ತಕ ಅಡಗಿಸಿ ಒಯ್ದವರೂ ಉಂಟು.

ಆ ಕಾಲದಲ್ಲೂ ಹೋಟೆಲುಗಳು ಸಾಲುತ್ತಿರಲಿಲ್ಲ. ಊರಿನವರು ತಮ್ಮ ಮನೆಯ ಕೋಣೆಯನ್ನೇ ಬಿಟ್ಟುಕೊಟ್ಟು ಜಾತ್ರೆಯವರನ್ನು ಇರಿಸಿಕೊಳ್ಳುತ್ತಿದ್ದರು. ವರ್ಷ ವರ್ಷ ಬರುವ ಇಂಥ ಅತಿಥಿಗೆ ಅಲ್ಲಿಯ ಮಕ್ಕಳು ‘ಮೆಸ್ಸೆ ಓಂಕೆಲ್’ ಎನ್ನುತ್ತಿದ್ದರು, ಅಂದರೆ ಜಾತ್ರೆಮಾಮ! ಇಂದು ಹಾಸಿಗೆಗಾಗಿ ಪರದಾಡುವ ವಿದ್ಯಾರ್ಥಿ ಈ ಊರಿನ ಬಹಳ ಹಳೆಯ ತೊಂದರೆಯೊಂದಕ್ಕೆ ಹೊಸದಾಗಿ ಸಿಕ್ಕಿಕೊಂಡವನು, ಅಷ್ಟೆ.

ದಿನಾಂಕ ನೋಡದೆ ಹೆಜ್ಜೆ ಇಡಬಾರದು

ಹೊರಡುವವರ ಮೊದಲ ಕೆಲಸ ದಿನಾಂಕ ಖಚಿತಪಡಿಸಿಕೊಳ್ಳುವುದು. ಜಾತ್ರೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಗುರುವಾರದಿಂದ ಭಾನುವಾರದವರೆಗೆ. ಆದರೆ ‘ಸಾಮಾನ್ಯವಾಗಿ’ ಎಂಬ ಮಾತನ್ನು ನಂಬಿ ವಿಮಾನದ ಟಿಕೆಟ್ ಕೊಳ್ಳಲಾಗದು. ಕೊರೋನಾದಿಂದಾಗಿ 2020, 2021, 2022 ಮೂರು ವರ್ಷವೂ ಜಾತ್ರೆ ನಡೆಯಲಿಲ್ಲ. 2023ರಲ್ಲಿ ಏಪ್ರಿಲ್ ಕೊನೆಗೆ ಹೋಯಿತು. 2024ರಲ್ಲಿ ಮಾರ್ಚ್ 21ಕ್ಕೆ, 2025ರಲ್ಲಿ ಮಾರ್ಚ್ 27ಕ್ಕೆ ಆರಂಭವಾಯಿತು.

ಎರಡನೆಯದು ವೀಸಾ. ಜರ್ಮನಿಯಲ್ಲೇ ಓದುವವರಿಗೆ ಈ ಚಿಂತೆಯಿಲ್ಲ. ಭಾರತದಿಂದ ಹೊರಡುವವರಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡವಾಗುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಪ್ರಕರಣಗಳಲ್ಲಿ 45 ದಿನದವರೆಗೂ ಹಿಡಿಯಬಹುದು. ಅರ್ಜಿ ಸಲ್ಲಿಸುವ ಸಮಯವನ್ನು ಕಾಯ್ದಿರಿಸಿಕೊಳ್ಳಲು ಬೇರೆ ಕಾಯಬೇಕು. ಮಾರ್ಚ್ ಜಾತ್ರೆಗೆ ಹೋಗುವವರು ದೀಪಾವಳಿಯ ಹೊತ್ತಿಗೆ ಕಡತ ಜೋಡಿಸತೊಡಗಿದರೆ ನೆಮ್ಮದಿ.

2024ರ ಜೂನ್‌ನಿಂದ ವಯಸ್ಕರ ವೀಸಾ ಶುಲ್ಕ 90 ಯೂರೋ. ಯೂರೋ ಒಂದಕ್ಕೆ 100 ರೂಪಾಯಿ ಎಂದು ಸುಲಭದ ಲೆಕ್ಕ ಹಿಡಿದರೂ 9 ಸಾವಿರ ರೂಪಾಯಿ. ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30 ಸಾವಿರ ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಅಪ್ರಾಪ್ತ ವಯಸ್ಸಿನವರಾದರೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರ ಬೇಕು.

ವೀಸಾ ನಿರಾಕರಣೆಯಾದರೆ ಈ ಶುಲ್ಕ ಮರಳಿ ಬರುವುದಿಲ್ಲ. ತಿರಸ್ಕಾರವನ್ನು ಪ್ರಶ್ನಿಸಿ ದೂತಾವಾಸಕ್ಕೇ ಮೇಲ್ಮನವಿ ಪತ್ರ ಬರೆಯುವ ಹಳೆಯ ಅವಕಾಶವನ್ನು ಜರ್ಮನಿ 2025ರ ಜುಲೈ 1ರಿಂದ ಕೈಬಿಟ್ಟಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಎರಡನೆಯದು ವಿದ್ಯಾರ್ಥಿಗೆ ಸಾಧ್ಯವಿಲ್ಲದ ಮಾತು. ಆದ್ದರಿಂದ ಕಡತ ಮೊದಲ ಸಲವೇ ಸ್ಪಷ್ಟವಾಗಿರಬೇಕು: ಕಾಲೇಜಿನ ಪತ್ರ, ಖರ್ಚು ಯಾರದೆಂಬ ಹೇಳಿಕೆ, ಬ್ಯಾಂಕ್ ಲೆಕ್ಕ, ಜಾತ್ರೆಯ ವಿವರ, ಮರಳಿ ಬಂದು ಪರೀಕ್ಷೆಗೆ ಕೂರುವ ಪುರಾವೆ. ಅರ್ಜಿಗೆ ವಿಮಾನದ ಕಾಯ್ದಿರಿಸುವಿಕೆಯ ದಾಖಲೆ ಸಾಕು. ವೀಸಾ ಕೈಗೆ ಬರುವ ಮೊದಲೇ ಮರಳಿಸಲಾಗದ ಟಿಕೆಟ್ಟಿಗೆ ಪೂರ್ತಿ ಹಣ ಸುರಿಯುವುದು ಜಾಣತನವಲ್ಲ.

ಹಾಸಿಗೆ ಇದ್ದಷ್ಟು ಕಾಲು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಲೈಪ್‌ಜಿಗ್ ಯಾತ್ರೆಗೆ ಅಕ್ಷರಶಃ ಹೊಂದುತ್ತದೆ. ಜಾತ್ರೆಯ ಪ್ರವೇಶದ ಟಿಕೆಟ್ ಕೊನೆಯ ವಾರಗಳಲ್ಲೂ ಸಿಕ್ಕೀತು. ಕೈಗೆಟಕುವ ಹಾಸಿಗೆ ಮಾತ್ರ ತಿಂಗಳುಗಳ ಮೊದಲೇ ಮುಗಿದಿರುತ್ತದೆ. ಆದ್ದರಿಂದ ದಿನಾಂಕ ಗೊತ್ತಾದ ದಿನವೇ, ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಷರತ್ತಿನ ಮೇಲೆ, ಹಾಸಿಗೆ ಕಾಯ್ದಿರಿಸಬೇಕು. ವೀಸಾ ಅರ್ಜಿಗೂ ಅದೇ ಕಾಗದ ನೆರವಾಗುತ್ತದೆ. ವೀಸಾ ಬಾರದಿದ್ದರೆ ನಷ್ಟವೂ ಇಲ್ಲ.

ಅಂದಹಾಗೆ, ಯೂತ್ ಹಾಸ್ಟೆಲ್ ಎಂಬ ಕಲ್ಪನೆಯೇ ಜರ್ಮನಿಯದು. 1909ರಲ್ಲಿ ರಿಚರ್ಡ್ ಷಿರ್ಮನ್ ಎಂಬ ಶಾಲಾ ಮೇಷ್ಟರು ಮಕ್ಕಳನ್ನು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾಗ ಗುಡುಗು ಮಳೆಗೆ ಸಿಕ್ಕಿ, ರಾತ್ರಿ ತಂಗಲು ಜಾಗಕ್ಕಾಗಿ ಒದ್ದಾಡಿದರು. ಓದುವ ಮಕ್ಕಳಿಗೆ ಊರೂರಲ್ಲೂ ಅಗ್ಗದ ತಂಗುದಾಣ ಇರಬೇಕೆಂಬ ಯೋಚನೆ ಅವರಿಗೆ ಹೊಳೆದದ್ದು ಆಗ. 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಇಂಥ ಹಾಸ್ಟೆಲುಗಳಲ್ಲಿ ತಂಗಲು ಸದಸ್ಯತ್ವದ ಕಾರ್ಡ್ ಬೇಕು. ಭಾರತದಲ್ಲೇ ಅಂತರರಾಷ್ಟ್ರೀಯ ಮಾನ್ಯತೆಯ ಕಾರ್ಡ್ ಮಾಡಿಸಿಕೊಳ್ಳಬಹುದು. ಇವಲ್ಲದೆ ರೈಲು ನಿಲ್ದಾಣದ ಸುತ್ತ ಖಾಸಗಿ ಹಾಸ್ಟೆಲುಗಳೂ ಇವೆ. ಕಾಯ್ದಿರಿಸುವ ಮೊದಲು ಕೇಳಬೇಕಾದದ್ದು ಮೂರು: ಹದಿನೆಂಟು ತುಂಬದವರನ್ನು ಒಬ್ಬರೇ ಇರಿಸಿಕೊಳ್ಳುತ್ತಾರೆಯೇ? ಹೊದಿಕೆ, ಬೀಗಕ್ಕೆ ಬೇರೆ ಹಣವೇ? ನಗರದ ತಂಗುವಿಕೆ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ?

ಲೈಪ್‌ಜಿಗ್‌ನಲ್ಲಿ ಜಾಗವೇ ಇಲ್ಲವೆಂದರೆ? ಆಗ ನಕಾಶೆಯನ್ನು ಸ್ವಲ್ಪ ಪಶ್ಚಿಮೋತ್ತರಕ್ಕೆ ಸರಿಸಬೇಕು. ಅಲ್ಲಿ ಹಾಲೆ ಎಂಬ ಇನ್ನೊಂದು ಊರಿದೆ. ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ಹಾದಿ. ಹಾಲೆ ಕಡೆಯಿಂದ ವಿಮಾನ ನಿಲ್ದಾಣದ ಮೂಲಕ ಬರುವ ರೈಲುಮಾರ್ಗ ಜಾತ್ರೆ ಮೈದಾನದ ನಿಲ್ದಾಣವನ್ನು ಹಾದೇ ಲೈಪ್‌ಜಿಗ್ ಸೇರುತ್ತದೆ. ಹಾಗಾಗಿ ಹಾಲೆಯಲ್ಲಿ ಮಲಗಿ ಜಾತ್ರೆಗೆ ಬರುವುದು ಮೈಸೂರಿನಲ್ಲಿ ಕೋಣೆ ಸಿಗದವರು ಶ್ರೀರಂಗಪಟ್ಟಣದಲ್ಲಿ ತಂಗಿ ದಸರಾ ನೋಡಿದಂತೆ. ಒಂದೇ ಎಚ್ಚರಿಕೆ, ರಾತ್ರಿಯ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ಹಾಲೆಯಲ್ಲಿ ತಂಗುವುದು ಶಿಕ್ಷೆಯೇನೂ ಅಲ್ಲ. ಸಂಗೀತಗಾರ ಹ್ಯಾಂಡೆಲ್ 1685ರಲ್ಲಿ ಹುಟ್ಟಿದ ಊರದು. 1698ರಲ್ಲಿ ಆರಂಭವಾದ ಫ್ರಾಂಕೆ ವಿದ್ಯಾಸಂಸ್ಥೆಗಳ ವಿಶಾಲ ಅಂಗಳ ಅಲ್ಲಿದೆ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ ಪಾದ್ರಿ ಸೀಗನ್‌ಬಾಲ್ಗ್ ಹಾಲೆಯಲ್ಲಿ ಓದಿದವರು. ಅಲ್ಲಿಂದ ಹೋದ ತಮಿಳು ಓಲೆಗರಿಗಳು ಇಂದಿಗೂ ಹಾಲೆಯ ಸಂಗ್ರಹದಲ್ಲಿ ಭದ್ರವಾಗಿವೆ.

ರೈಲಿನ ಲೆಕ್ಕ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನವಿದೆ. ಎರಡೂ ಊರಿನಿಂದ ಲೈಪ್‌ಜಿಗ್‌ಗೆ ವೇಗದ ರೈಲಿನಲ್ಲಿ ಸುಮಾರು ಮೂರರಿಂದ ಮೂರೂವರೆ ಗಂಟೆ. ಬರ್ಲಿನ್‌ನಿಂದಾದರೆ ಒಂದೂಕಾಲು ಗಂಟೆ.

ಜರ್ಮನ್ ರೈಲಿನ ದರ ನಮ್ಮ ರೈಲಿನ ದರದಂತಲ್ಲ. ಅದೇ ರೈಲಿಗೆ ವಾರಗಳ ಮೊದಲು ಕೊಂಡ ಟಿಕೆಟ್ಟಿನ ಬೆಲೆ ಒಂದು, ಹೊರಡುವ ದಿನ ಕೊಂಡದ್ದರ ಬೆಲೆ ಇನ್ನೊಂದು. ‘ಷ್ಪಾರ್‌ಪ್ರೈಸ್’, ಅಂದರೆ ಉಳಿತಾಯದ ದರದ ಟಿಕೆಟ್ ಬಹಳ ಅಗ್ಗ. ಆದರೆ ಅದರಲ್ಲಿ ನಮೂದಿಸಿದ ರೈಲಿಗೇ ಹತ್ತಬೇಕು. ವಿಮಾನ ತಡವಾಗಿ ಆ ರೈಲು ತಪ್ಪಿದರೆ ಹಣ ಹೋದಂತೆಯೇ. ಯೂರೋಪಿನ ಗಡಿಯಲ್ಲಿ 2025ರ ಅಕ್ಟೋಬರ್ 12ರಿಂದ ಹೊರಗಿನವರ ಭಾವಚಿತ್ರ, ಬೆರಳಚ್ಚು ದಾಖಲಿಸುವ ಹೊಸ ಪದ್ಧತಿಯೂ ಶುರುವಾಗಿರುವುದರಿಂದ ಸಾಲು ಉದ್ದವಾಗಬಹುದು. ವಿಮಾನ ಇಳಿಯುವ ಹೊತ್ತಿಗೂ ರೈಲಿಗೂ ನಡುವೆ ಮೂರು ನಾಲ್ಕು ಗಂಟೆಯ ಅಂತರ ಬಿಡುವುದು ಕ್ಷೇಮ.

ಇನ್ನೊಂದು ದಾರಿ ‘ಡಾಯ್ಚ್‌ಲಾಂಡ್ ಟಿಕೆಟ್’. ಇದೊಂದು ತಿಂಗಳ ಪಾಸು. 2023ರ ಮೇನಲ್ಲಿ 49 ಯೂರೋಗೆ ಆರಂಭವಾದ ಇದರ ಬೆಲೆ 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಇದಿದ್ದರೆ ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳಲ್ಲಿ ಇಡೀ ತಿಂಗಳು ಓಡಾಡಬಹುದು. ದೂರದ ವೇಗದ ರೈಲುಗಳಿಗೆ ಮಾತ್ರ ನಡೆಯದು. ಹಾಲೆಯಲ್ಲಿ ತಂಗಿ ದಿನವೂ ಓಡಾಡುವವರಿಗೆ, ಬರ್ಲಿನ್‌ನಿಂದ ನಿಧಾನದ ರೈಲಿನಲ್ಲೇ ಬರಲು ಸಿದ್ಧರಿರುವವರಿಗೆ ಇದು ಲಾಭ.

ಆದರೆ ಇದರಲ್ಲೊಂದು ಮುಳ್ಳಿದೆ. ಇದು ಚಂದಾದಾರಿಕೆ. ತಾನಾಗಿಯೇ ಮುಂದುವರಿಯುತ್ತದೆ. ಸಾಮಾನ್ಯವಾಗಿ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಕಡಿತವಾಗುತ್ತದೆ. ಮಾರ್ಚ್ 20ಕ್ಕೆ ಕೊಂಡು, 30ಕ್ಕೆ ಊರಿಗೆ ಮರಳಿದವರು ಏಪ್ರಿಲ್‌ಗೂ ತೆತ್ತರೆ ‘ಅಗ್ಗದ’ ಟಿಕೆಟ್ 126 ಯೂರೋ ಆಯಿತು! ಮಾರುವ ಸಂಸ್ಥೆಯ ರದ್ದತಿ ನಿಯಮ ಓದಿಯೇ ಕೊಳ್ಳಬೇಕು. ಇಬ್ಬರು ಮೂವರು ಗೆಳೆಯರು ಒಟ್ಟಿಗಿದ್ದು ಒಂದು ದಿನ ಮಾತ್ರ ಸುತ್ತುವುದಾದರೆ ಸ್ಯಾಕ್ಸನಿ ರಾಜ್ಯದ ದಿನದ ಟಿಕೆಟ್ ಒಳ್ಳೆಯದು. ಐವರವರೆಗೆ ಒಂದೇ ಟಿಕೆಟ್ಟಿನಲ್ಲಿ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವಷ್ಟೇ ನಡೆಯುತ್ತದೆ.

ಜರ್ಮನಿಯ ಟ್ರಾಮು, ನಗರ ರೈಲುಗಳ ನಿಲ್ದಾಣಕ್ಕೆ ಗೇಟು ಇರುವುದಿಲ್ಲ. ಯಾರೂ ತಡೆಯುವುದಿಲ್ಲವೆಂದು ಹತ್ತಿದರೆ ಸಾದಾ ಉಡುಪಿನ ತಪಾಸಣೆಗಾರ ಪಕ್ಕದಲ್ಲೇ ಎದ್ದು ನಿಲ್ಲಬಹುದು. ದಂಡ 60 ಯೂರೋ. ಗೊತ್ತಿರಲಿಲ್ಲ ಎಂಬ ನೆಪ ನಡೆಯುವುದಿಲ್ಲ. ಟಿಕೆಟ್ ಕೊಂಡ ಮೇಲೆ ಮುದ್ರೆ ಒತ್ತಬೇಕಾದ ಕಡೆ ಒತ್ತಿಸಿಕೊಳ್ಳುವುದನ್ನೂ ಮರೆಯಬಾರದು.

ಭಾನುವಾರದ ಬೀಗ

ಜಾತ್ರೆಯೊಳಗಿನ ಊಟ ಎಲ್ಲ ಜಾತ್ರೆಗಳಂತೆ ದುಬಾರಿ. ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಬ್ರೆಡ್ಡು, ಹಣ್ಣು, ಚೀಸ್ ಚೀಲದಲ್ಲಿದ್ದರೆ ಅರ್ಧ ಖರ್ಚು ಉಳಿಯಿತು. ನಲ್ಲಿ ನೀರು ಕುಡಿಯಲು ಯೋಗ್ಯ. ಬಾಟಲಿಯೊಂದನ್ನು ಜೊತೆಗೆ ಒಯ್ದರೆ ಸಾಕು. ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಕೊಟ್ಟರೆ ಅದು ಮರಳಿ ಸಿಗುತ್ತದೆ. ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಹೊರಗಿನವರಿಗೂ ಸಾಮಾನ್ಯವಾಗಿ ಅತಿಥಿ ದರದಲ್ಲಿ ಬಿಸಿ ಊಟ ಸಿಗುತ್ತದೆ. ಸಸ್ಯಾಹಾರದ ಅಡುಗೆಯೂ ಇರುತ್ತದೆ.

ಭಾನುವಾರ ಮಾತ್ರ ಎಚ್ಚರ. ಜರ್ಮನಿಯಲ್ಲಿ ಅಂದು ಅಂಗಡಿಗಳಿಗೆ ಕಾನೂನಿನಂತೆ ರಜೆ. ದೊಡ್ಡ ರೈಲು ನಿಲ್ದಾಣದೊಳಗಿನ ಕೆಲವು ಮಳಿಗೆಗಳು, ಬೇಕರಿಗಳು ಇದಕ್ಕೆ ಹೊರತು. ಶನಿವಾರ ಸಂಜೆಯೇ ಭಾನುವಾರದ ತಿಂಡಿ ಕೊಂಡಿಟ್ಟುಕೊಳ್ಳದವರು ಅಂದು ಹೋಟೆಲಿಗೇ ತೆರಬೇಕು.

ಮಾರ್ಚ್‌ನ ಕೊನೆಯ ಭಾನುವಾರ ಇನ್ನೊಂದು ಮೋಸ ಕಾದಿರುತ್ತದೆ. ಅಂದು ನಸುಕಿನ 2 ಗಂಟೆಗೆ ಯೂರೋಪಿನ ಗಡಿಯಾರಗಳನ್ನು 3ಕ್ಕೆ ತಿರುಗಿಸುತ್ತಾರೆ, ಬೇಸಿಗೆ ಕಾಲಮಾನ ಶುರು. 2025ರಲ್ಲಿ ಜಾತ್ರೆಯ ಕೊನೆಯ ದಿನವೂ ಅದೇ ದಿನವೂ ಒಂದೇ ಆಗಿತ್ತು. ಕೈಗಡಿಯಾರ ತಿದ್ದಿಕೊಳ್ಳದವರು ರೈಲಿಗೆ ಒಂದು ಗಂಟೆ ತಡ!

ಮನೆಯಿಂದ ಕಟ್ಟಿಕೊಡುವ ಬುತ್ತಿಗೂ ನಿಯಮವಿದೆ. ಹೊರದೇಶದಿಂದ ಹಾಲು, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಚಟ್ನಿಪುಡಿ, ಹುರಿದ ಅವಲಕ್ಕಿಯಿಂದ ತೊಂದರೆಯಿಲ್ಲ. ಮಾರ್ಚ್‌ನ ರಾತ್ರಿ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುವುದುಂಟು. ದಪ್ಪನೆಯ ಕೋಟು ಬೇಕು.

ಗಾಜಿನ ಚಾವಡಿಯಲ್ಲಿ

ಈಗಿನ ಜಾತ್ರೆ ಮೈದಾನ ಊರಿನ ಉತ್ತರಕ್ಕಿದೆ, 1996ರಲ್ಲಿ ಉದ್ಘಾಟನೆಯಾಯಿತು. ಮುಖ್ಯ ರೈಲು ನಿಲ್ದಾಣದಿಂದ 16ನೇ ನಂಬರಿನ ಟ್ರಾಮು ಹೋಗುತ್ತದೆ. ಮೈದಾನದ ನಡುವೆ ಸುಮಾರು 240 ಮೀಟರ್ ಉದ್ದ, 80 ಮೀಟರ್ ಅಗಲದ ಕಮಾನಿನಂಥ ಗಾಜಿನ ಚಾವಡಿ. ಅದರ ಎರಡೂ ಬದಿಗೆ ಮಳಿಗೆಗಳ ಭವನಗಳು. ಪುಸ್ತಕ ಜಾತ್ರೆಯ ಟಿಕೆಟ್ಟಿನಲ್ಲೇ ಚಿತ್ರಕಥಾ ಸಮ್ಮೇಳನಕ್ಕೂ ಪ್ರವೇಶ.

ಇಲ್ಲಿ ನೋಡಬೇಕಾದದ್ದು ವೇಷ. ತಮ್ಮ ನೆಚ್ಚಿನ ಮಾಂಗಾ ಪಾತ್ರಗಳ ವೇಷ ತೊಟ್ಟ ಸಾವಿರಾರು ಹುಡುಗ ಹುಡುಗಿಯರು ಬೆಳಗಿನ ಟ್ರಾಮಿನಲ್ಲೇ ಕಾಣಸಿಗುತ್ತಾರೆ. ಕಿರೀಟ, ರೆಕ್ಕೆ, ಕವಚ ಎಲ್ಲವೂ ತಾವೇ ತಿಂಗಳುಗಟ್ಟಲೆ ಕೂತು ಹೊಲಿದದ್ದು, ಅಂಟಿಸಿದ್ದು. ಯಕ್ಷಗಾನದ ಚೌಕಿಯನ್ನು ಕಂಡವರಿಗೆ ಈ ಶ್ರದ್ಧೆ ಹೊಸತೆನಿಸದು. ವೇಷ ಕಟ್ಟಿ ಹೋಗುವ ನಮ್ಮ ಹುಡುಗರೂ ನೆನಪಿಡಬೇಕು: ಆಯುಧಗಳ ವಿಷಯದಲ್ಲಿ ಜರ್ಮನಿಯ ಕಾನೂನು ಕಟ್ಟುನಿಟ್ಟು. ವೇಷದ ಕತ್ತಿ, ಬಿಲ್ಲುಗಳನ್ನು ಪ್ರವೇಶದಲ್ಲೇ ಪರೀಕ್ಷಿಸುತ್ತಾರೆ. ಲೋಹದ ಅಲಗಿಗಿಂತ ಹಗುರವಾದ ಫೋಮ್ ಕತ್ತಿಯೇ ಮೇಲು.

ಪುಸ್ತಕ ಕೊಳ್ಳುವವರಿಗೊಂದು ಮಾತು. ನಮ್ಮಲ್ಲಿ ಪುಸ್ತಕ ಮೇಳವೆಂದರೆ ರಿಯಾಯಿತಿ. ಅಲ್ಲಿ ಹಾಗಿಲ್ಲ. ಜರ್ಮನಿಯಲ್ಲಿ ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕ ನಿಗದಿ ಮಾಡಿದ ಮೇಲೆ ಯಾವ ಅಂಗಡಿಯೂ ಕಡಿಮೆಗೆ ಮಾರುವಂತಿಲ್ಲ. ಇದು 2002ರ ಕಾನೂನು. ಸಣ್ಣ ಅಂಗಡಿಗಳು ಉಳಿಯಲಿ ಎಂಬುದು ಉದ್ದೇಶ. ಆದ್ದರಿಂದ ಜಾತ್ರೆಯಲ್ಲಿ ಅವಸರದಿಂದ ಕೊಳ್ಳಬೇಕಾದ್ದೇನೂ ಇಲ್ಲ. ಹೆಸರು ಬರೆದಿಟ್ಟುಕೊಂಡು ಆಮೇಲೆ ಎಲ್ಲಿ ಕೊಂಡರೂ ಅದೇ ಬೆಲೆ. ವಿಮಾನದಲ್ಲಿ ಪುಸ್ತಕದ ಭಾರಕ್ಕೆ ತೆರಬೇಕಾದ ಹಣವೂ ಉಳಿದೀತು.

ಮಳಿಗೆಗಳ ಪುಸ್ತಕಗಳಲ್ಲಿ ಬಹುಪಾಲು ಜರ್ಮನ್ ಭಾಷೆಯವು. ಆ ಭಾಷೆಯ ಗಂಧವೇ ಇಲ್ಲದವರಿಗೆ ಅರ್ಧ ಜಾತ್ರೆ ಮೂಕಿ ಚಿತ್ರ. ಹೊರಡುವ ಮೊದಲು ಒಂದೆರಡು ತಿಂಗಳಾದರೂ ಭಾಷೆ ಕಲಿತರೆ ದಾರಿ ಕೇಳಲೂ ಆಯಿತು, ಲೇಖಕರ ಮಾತು ಅಷ್ಟಿಷ್ಟು ಹಿಡಿಯಲೂ ಆಯಿತು. ಜಾತ್ರೆಯ ದಿನಗಳ ಸಂಜೆ ಊರಿನ ಗ್ರಂಥಾಲಯ, ಕೆಫೆ, ಪುಸ್ತಕದಂಗಡಿಗಳಲ್ಲೆಲ್ಲ ‘ಲೈಪ್‌ಜಿಗ್ ಓದುತ್ತದೆ’ ಎಂಬ ಹೆಸರಿನಲ್ಲಿ ಲೇಖಕರ ವಾಚನ ನಡೆಯುತ್ತದೆ. ಅವುಗಳಲ್ಲಿ ಹಲವು ಉಚಿತ.

ಕಾಸಿಲ್ಲದೆ ಕಾಣುವ ಊರು

ಜಾತ್ರೆಗೆ ನಾಲ್ಕು ದಿನವೂ ಟಿಕೆಟ್ ಕೊಳ್ಳಬೇಕೆಂದಿಲ್ಲ. ಅತಿ ಹೆಚ್ಚು ನೂಕುನುಗ್ಗಲಿನ ಶನಿವಾರವನ್ನು ಊರಿಗೇ ಮೀಸಲಿಟ್ಟರೆ ಹಣವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ. ಹಳೆಯ ಪೇಟೆ ನಡೆದೇ ನೋಡುವಷ್ಟು ಚಿಕ್ಕದು.

ಸಂತ ಥಾಮಸ್ ಚರ್ಚಿನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಸಂಗೀತದ ಮುಖ್ಯಸ್ಥನಾಗಿದ್ದ. ಅಲ್ಲಿನ ಬಾಲಕರ ಗಾಯನವೃಂದಕ್ಕೆ 800 ವರ್ಷ ದಾಟಿದೆ; ಹುಟ್ಟಿದ್ದು 1212ರಲ್ಲಿ. ಶುಕ್ರವಾರ ಸಂಜೆ, ಶನಿವಾರ ಮಧ್ಯಾಹ್ನ ಅಲ್ಲಿ ಪ್ರಾರ್ಥನಾ ಸಂಗೀತವಿರುತ್ತದೆ. ಅತ್ಯಲ್ಪ ಹಣಕ್ಕೆ ಕೇಳಿ ಬರಬಹುದಾದ ಇಂಥ ಸಂಗೀತ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ವಿಶ್ವವಿದ್ಯಾಲಯ 1409ರದು. ಗಣಿತಜ್ಞ ಲೈಬ್ನಿಟ್ಸ್ ಈ ಊರಿನಲ್ಲೇ 1646ರಲ್ಲಿ ಹುಟ್ಟಿದವನು. ಗಯಟೆ ಇಲ್ಲಿ ಕಾನೂನು ಓದಿದ. ಭೌತವಿಜ್ಞಾನಿ ಹೈಸನ್‌ಬರ್ಗ್ 1927ರಲ್ಲಿ ಇಲ್ಲಿ ಪ್ರಾಧ್ಯಾಪಕನಾದಾಗ ವಯಸ್ಸು ಇಪ್ಪತ್ತೈದು! ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್ ಓದಿದ್ದೂ ಇಲ್ಲೇ. ಸಂಸ್ಕೃತ ಕಲಿಯತೊಡಗಿದ್ದು ಇಲ್ಲಿ. 1844ರಲ್ಲಿ ‘ಹಿತೋಪದೇಶ’ದ ಜರ್ಮನ್ ಅನುವಾದ ಪ್ರಕಟಿಸಿದ್ದೂ ಇಲ್ಲಿಂದಲೇ. ಬೆಂಗಳೂರಿನಲ್ಲಿ ಜರ್ಮನ್ ಕಲಿಯಲು ವಿದ್ಯಾರ್ಥಿಗಳು ಹೋಗುವ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಅವನದೇ ಹೆಸರು.

ಪೇಟೆಯ ನಡುವಿನ ಸಂತ ನಿಕೊಲಾಯ್ ಚರ್ಚಿಗೆ ಹೋಗದೆ ಬರಬಾರದು. ಪೂರ್ವ ಜರ್ಮನಿಯ ಆಡಳಿತದ ವಿರುದ್ಧ ಇಲ್ಲಿ ಪ್ರತಿ ಸೋಮವಾರ ಶಾಂತಿ ಪ್ರಾರ್ಥನೆಗೆ ಸೇರುತ್ತಿದ್ದ ಜನ ಆಮೇಲೆ ಬೀದಿಗಿಳಿಯತೊಡಗಿದರು. 1989ರ ಅಕ್ಟೋಬರ್ 9ರ ಸೋಮವಾರ ಸುಮಾರು 70 ಸಾವಿರ ಜನ ಸೇರಿದರು. ಶಸ್ತ್ರಸಜ್ಜಿತ ಪಡೆಗಳು ಕಾದು ನಿಂತಿದ್ದವು. ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 9ಕ್ಕೆ, ಬರ್ಲಿನ್ ಗೋಡೆ ತೆರೆಯಿತು. ಈ ಕಥೆಯನ್ನೆಲ್ಲ ಹೇಳುವ ಸಮಕಾಲೀನ ಇತಿಹಾಸದ ವಸ್ತುಸಂಗ್ರಹಾಲಯ ಅಲ್ಲೇ ಹತ್ತಿರದಲ್ಲಿದೆ, ಪ್ರವೇಶ ಉಚಿತ.

ಮನೆಯವರ ಲೆಕ್ಕ

ಹಾಗಾದರೆ ಹೋಗಬಹುದೇ? ಕೇವಲ ಮಳಿಗೆ ನೋಡಲು ಇಷ್ಟು ದೂರ ಹೋಗುವುದು ದುಬಾರಿಯ ಹವ್ಯಾಸವೇ ಸರಿ. ಸಾಲ ಮಾಡಿ ಹೋಗಬೇಕಾದ ಜಾತ್ರೆಯಂತೂ ಇದಲ್ಲ. ಒಂದು ವರ್ಷ ತಪ್ಪಿದರೆ ಮುಂದಿನ ವರ್ಷ ಇದ್ದೇ ಇದೆ. ಆದರೆ ಚಿತ್ರ ಬರೆಯುವ, ಭಾಷೆ ಕಲಿಯುವ, ಜರ್ಮನಿಯಲ್ಲಿ ಮುಂದೆ ಓದುವ ಆಸೆಯುಳ್ಳ ವಿದ್ಯಾರ್ಥಿಗೆ ಅಲ್ಲಿಯ ನಾಲ್ಕು ದಿನ ಬೇರೆಯೇ ಪಾಠ. ಅಂಥವರ ಮನೆಯಲ್ಲಿ ಹಣದ ಲೆಕ್ಕವನ್ನು ಮೂರು ಪಾಲು ಮಾಡುವುದು ಒಳ್ಳೆಯದು. ಹೋದರೂ ಹೋಗದಿದ್ದರೂ ಮರಳಿ ಬಾರದ ಹಣ, ಅಂದರೆ ವೀಸಾ ಮತ್ತಿತರ ಶುಲ್ಕ, ಒಂದು ಪಾಲು. ವಿಮಾನ, ಹಾಸಿಗೆ, ರೈಲು ಎರಡನೆಯದು. ಎರಡು ರಾತ್ರಿಯ ದುಬಾರಿ ಕೋಣೆಗೂ ಒಂದು ಹೊಸ ರೈಲು ಟಿಕೆಟ್ಟಿಗೂ ಸಾಕಾಗುವಷ್ಟು ಆಪತ್ಕಾಲದ ಹಣ ಮೂರನೆಯದು. ಈ ಮೂರನೆಯ ಪಾಲು ಇಲ್ಲದೆ ಹೊರಡುವುದು ಮಿತವ್ಯಯವಲ್ಲ, ಜೂಜು. ಅದನ್ನು ಮುಟ್ಟದೆ ಹಾಗೇ ಮರಳಿ ತಂದರೆ ಮುಂದಿನ ಸೆಮಿಸ್ಟರಿನ ಪುಸ್ತಕಕ್ಕಾಯಿತು.

ಪಾಲಕರ ಬಳಿ ಇರಬೇಕಾದ ಚೀಟಿ ಚಿಕ್ಕದು: ಪ್ರತಿ ರಾತ್ರಿ ತಂಗುವ ಜಾಗದ ವಿಳಾಸ, ರೈಲುಗಳ ಹೊತ್ತು, ವಿಮೆಯ ಸಂಖ್ಯೆ, ಪಾಸ್‌ಪೋರ್ಟಿನ ನಕಲು. ವಿದ್ಯಾರ್ಥಿಗೆ ನೆನಪಿರಬೇಕಾದದ್ದು ತುರ್ತು ಸಹಾಯದ ಸಂಖ್ಯೆ 112. ಬೇಸಿಗೆ ಕಾಲಮಾನ ಶುರುವಾಗುವವರೆಗೆ ಭಾರತದ ಗಡಿಯಾರ ಜರ್ಮನಿಗಿಂತ ನಾಲ್ಕೂವರೆ ಗಂಟೆ ಮುಂದೆ, ಆಮೇಲೆ ಮೂರೂವರೆ. ಅಲ್ಲಿ ಸಂಜೆ ಎಂಟಕ್ಕೆ ಮಾಡಿದ ಕರೆ ಇಲ್ಲಿ ನಡುರಾತ್ರಿ ಅಮ್ಮನನ್ನು ಎಬ್ಬಿಸೀತು.

1989ರಲ್ಲಿ ಲೈಪ್‌ಜಿಗ್‌ನ ಬೀದಿಗಿಳಿದವರ ದೊಡ್ಡ ಬೇಡಿಕೆಗಳಲ್ಲಿ ಪ್ರಯಾಣದ ಸ್ವಾತಂತ್ರ್ಯವೂ ಒಂದಾಗಿತ್ತು. ಓದಬೇಕೆಂದ ಪುಸ್ತಕ ಓದಲು, ನೋಡಬೇಕೆಂದ ಊರಿಗೆ ಹೋಗಲು ಅವರು ಪ್ರಾಣವನ್ನೇ ಪಣವಿಟ್ಟರು. ಇಂದಿನ ಕನ್ನಡದ ವಿದ್ಯಾರ್ಥಿಗೆ ಎದುರಾಗುವ ತಡೆ ಅಷ್ಟು ದೊಡ್ಡದಲ್ಲ. ಒಂದು ಕಡತ, ಒಂದು ಹಾಸಿಗೆ, ಒಂದು ರೈಲು. ಅವನ್ನು ಈ ಕ್ರಮದಲ್ಲೇ ಜೋಡಿಸಿಕೊಂಡವರಿಗೆ ಜಾತ್ರೆಯ ಊರು ಪರಊರಾಗಿ ಉಳಿಯುವುದಿಲ್ಲ.